ಕ್ರೂಸ್ ಹಡಗಿನಲ್ಲಿ ಬಾಲ್ಕನಿ ರೂಮು: ದುಡ್ಡು ಕಟ್ಟುವ ಮೊದಲು ಮೇಲೆ, ಕೆಳಗೆ, ಪಕ್ಕದಲ್ಲಿ ಏನಿದೆ ನೋಡಿ

ಬೆಳಗಾವಿಯಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ನಾವು ಏನೇನು ಕೇಳುತ್ತೇವೆ? ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕೆಳಗೆ ಹಿಟ್ಟಿನ ಗಿರಣಿ ಇದೆಯಾ, ಪಕ್ಕದಲ್ಲಿ ಮಂಗಲ ಕಾರ್ಯಾಲಯ ಇದೆಯಾ, ಮಧ್ಯಾಹ್ನದ ಬಿಸಿಲು ಯಾವ ಕೋಣೆಗೆ ಹೊಡೆಯುತ್ತದೆ. 11 ತಿಂಗಳ ಕರಾರಿಗೆ ಇಷ್ಟೆಲ್ಲ ವಿಚಾರಿಸುತ್ತೇವೆ. ಅದೇ ಕ್ರೂಸ್ ಹಡಗಿನ ರೂಮನ್ನು ಮಾತ್ರ "ಬಾಲ್ಕನಿ ಇರೋದು ಕೊಡ್ರಿ" ಎಂದು ಒಂದೇ ಮಾತಿನಲ್ಲಿ ಬುಕ್ ಮಾಡಿಬಿಡುತ್ತೇವೆ.

ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಬಾಲ್ಕನಿ ಚೆನ್ನಾಗಿಯೇ ಇತ್ತು. ಆದರೆ ಬೆಳಗಿನ 5 ಗಂಟೆಗೆ ನೆತ್ತಿಯ ಮೇಲೆ ಕರಕರ ಸದ್ದು ಶುರುವಾಯಿತು. ಅವ್ವ ಎದ್ದು ಕೂತು, "ಮ್ಯಾಲೆ ಯಾರೋ ಕಪಾಟು ಎಳ್ಯಾಕತ್ತಾರ ನೋಡು" ಎಂದಳು. ನಮ್ಮ ತಲೆಯ ಮೇಲೆ ಸ್ವಿಮ್ಮಿಂಗ್ ಪೂಲ್ ಇತ್ತು. ಸಿಬ್ಬಂದಿ ನೆಲ ತೊಳೆದು, ಉದ್ದನೆಯ ಒರಗು ಕುರ್ಚಿಗಳನ್ನು ಎಳೆದು ಸಾಲಾಗಿ ಇಡುತ್ತಿದ್ದರು. ದಿನಾ ಬೆಳಿಗ್ಗೆ ಇದೇ ಕಥೆ. ರಾತ್ರಿ ಹಾಡಿನ ದಡಬಡ ಬೇರೆ. ಊರಿಗೆ ಬಂದ ಮೇಲೆ ಏಜೆಂಟರನ್ನು ಕೇಳಿದರೆ, "ಬಾಲ್ಕನಿ ಕೇಳಿದ್ರಿ, ಬಾಲ್ಕನಿ ಕೊಟ್ಟೀವಲ್ರೀ" ಅಂದರು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಆಮೇಲೆ ಎರಡು ಸಲ ಹೋಗಿ ಬಂದೆ. ಬಾಗಲಕೋಟೆಯ ಮಾಮಾ, ವಿಜಯಪುರದ ಗೆಳೆಯರು, ನಮ್ಮ ಓಣಿಯವರು ಕೇಳಿದಾಗೆಲ್ಲ ಜೊತೆಗೆ ಕೂತು ಹಡಗಿನ ನಕ್ಷೆ ನೋಡಿ ರೂಮು ಆರಿಸಿಕೊಟ್ಟಿದ್ದೇನೆ. ಆ ಅನುಭವವನ್ನೇ ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಬಾಲ್ಕನಿಯಲ್ಲಿ ಎಷ್ಟು ಗಂಟೆ ಕೂರುತ್ತೀರಿ, ಲೆಕ್ಕ ಹಾಕಿ

ನಮ್ಮ ಕಡೆಯವರಿಗೆ ಹತ್ತಿರದ ಕ್ರೂಸ್ ಅಂದ್ರೆ ಮುಂಬೈಯಿಂದ ಹೊರಡುವುದು. ಗೋವಾ, ಲಕ್ಷದ್ವೀಪ, ಕೊಚ್ಚಿ, ಹೀಗೆ ಹೋಗುತ್ತದೆ. ವಿಮಾನ ಹತ್ತಿ ಸಿಂಗಾಪುರಕ್ಕೆ ಹೋಗಿ ಅಲ್ಲಿಂದ 3-4 ರಾತ್ರಿಯ ಕ್ರೂಸ್ ಮಾಡುವವರೂ ಈಗ ಜಾಸ್ತಿ.

ನಿಮ್ಮ ಪ್ರವಾಸದ ವೇಳಾಪಟ್ಟಿ ತೆಗೆದುಕೊಂಡು ಒಂದು ಹಾಳೆಯಲ್ಲಿ ಬರೆಯಿರಿ. ಹಡಗು ಎಷ್ಟು ಹೊತ್ತಿಗೆ ಬಂದರು ಬಿಡುತ್ತದೆ, ಕತ್ತಲು ಎಷ್ಟಕ್ಕೆ ಆಗುತ್ತದೆ, ಮಾರನೇ ದಿನ ಎಲ್ಲಿರುತ್ತದೆ. 2 ರಾತ್ರಿಯ ಮುಂಬೈ-ಗೋವಾ ತಿರುಗಾಟ ಎಂದಿಟ್ಟುಕೊಳ್ಳಿ. ಮೊದಲ ಸಂಜೆ ಒಂದೆರಡು ಗಂಟೆ ಬೆಳಕು. ಮಾರನೇ ದಿನ ಗೋವಾದಲ್ಲಿ ಇಳಿದು ಸುತ್ತುತ್ತೀರಿ. ಕೊನೆಯ ದಿನ ಬೆಳಿಗ್ಗೆ ಬ್ಯಾಗು ಹಿಡಿದು ಸಾಲಿನಲ್ಲಿ ನಿಲ್ಲುತ್ತೀರಿ. ಇಷ್ಟಕ್ಕೆ ಬಾಲ್ಕನಿಗೆ ಜಾಸ್ತಿ ಹಣ ಕೊಡುವ ಬದಲು ಕಿಟಕಿ ರೂಮು ಸಾಕು ಎನ್ನುವುದು ನನ್ನ ಅಭಿಪ್ರಾಯ. ಇಡೀ ದಿನ ಸಮುದ್ರದಲ್ಲೇ ಇರುವ ದಿನ ಒಂದಾದರೂ ಇದ್ದರೆ ಮಾತ್ರ ಬಾಲ್ಕನಿಗೆ ಕೊಟ್ಟ ದುಡ್ಡು ಕೈಗೆ ಹತ್ತುತ್ತದೆ.

ಇದಕ್ಕೆ ಒಂದು ವಿನಾಯಿತಿ ಇದೆ. ಜೊತೆಯಲ್ಲಿ ವಯಸ್ಸಾದವರೋ ಎಳೆಮಗುವೋ ಇದ್ದರೆ ಸಣ್ಣ ಪ್ರವಾಸಕ್ಕೂ ಬಾಲ್ಕನಿ ತೆಗೆದುಕೊಳ್ಳಿ. ಮೇಲಿನ ಡೆಕ್ಕಿನ, ಅಂದ್ರೆ ಮೇಲ್ಮಹಡಿಯ ಗದ್ದಲ, ಬಿಸಿಲು, ಮೆಟ್ಟಿಲು ಅವರಿಗೆ ಆಗುವುದಿಲ್ಲ. ಮಗು ಒಳಗೆ ಮಲಗಿದರೆ ನೀವು ಬಾಗಿಲಾಚೆ ಕೂತು ಚಹಾ ಕುಡಿಯಬಹುದು. ಆ ಸುಖಕ್ಕೆ ಗಂಟೆಯ ಲೆಕ್ಕ ಬೇಡ.

ಹಂತ 2: "ಬಾಲ್ಕನಿ" ಎನ್ನುವ ಒಂದೇ ಹೆಸರಿನಲ್ಲಿ ಏನೇನು ಮಾರುತ್ತಾರೆ ತಿಳಿದುಕೊಳ್ಳಿ

ಸಾಮಾನ್ಯ ಬಾಲ್ಕನಿ ಅಂದ್ರೆ ಹಡಗಿನ ಪಕ್ಕದಲ್ಲಿ ಸಮುದ್ರಕ್ಕೆ ಮುಖ ಮಾಡಿದ್ದು. ಎರಡು ಕುರ್ಚಿ, ಒಂದು ಸಣ್ಣ ಟೇಬಲ್. ನಮ್ಮ ಮನೆಯ ಜಗಲಿಯ ಹಾಗೆ ಚಾಪೆ ಹಾಸಿ ಆರು ಜನ ಕೂರುವಷ್ಟು ಜಾಗ ಇರುವುದಿಲ್ಲ. ಇಬ್ಬರಿಗೆ ಸರಿಯಾಗುತ್ತದೆ ಅಷ್ಟೇ.

ಎರಡನೆಯದು ನೋಟಕ್ಕೆ ಏನಾದರೂ ಅಡ್ಡ ಇರುವ ಬಾಲ್ಕನಿ. ಎದುರಿಗೆ ಲೈಫ್‌ಬೋಟ್, ಅಂದ್ರೆ ಅಪಾಯ ಬಂದಾಗ ಜನರನ್ನು ಪಾರುಮಾಡುವ ದೋಣಿ, ತೂಗಾಡುತ್ತಿರುತ್ತದೆ. ಅದರ ಕಿತ್ತಳೆ ಬಣ್ಣದ ಚಾವಣಿಯೇ ನಿಮಗೆ ಕಾಣುವ ದೃಶ್ಯ. ಪೂರ್ತಿ ಅಡ್ಡ ಇದ್ದರೆ ಕಂಪನಿಗಳು ಸಾಮಾನ್ಯವಾಗಿ ಹೇಳುತ್ತವೆ, ಬೆಲೆಯೂ ಕಡಿಮೆ. ಅರ್ಧ ಅಡ್ಡ ಇದ್ದರೆ ನೀವೇ ನೋಡಿಕೊಳ್ಳಬೇಕು. ಬರೀ ಗಾಳಿ, ಬೆಳಕು ಸಾಕು ಎನ್ನುವವರಿಗೆ ಇದು ಕೆಟ್ಟದ್ದೇನಲ್ಲ. ಗೊತ್ತಿದ್ದು ತೆಗೆದುಕೊಳ್ಳಬೇಕು.

ಮೂರನೆಯದು ಹಡಗಿನ ಒಳಕ್ಕೇ ಮುಖ ಮಾಡಿದ ಬಾಲ್ಕನಿ. ರಾಯಲ್ ಕೆರಿಬಿಯನ್ ಕಂಪನಿಯ ಓಯಸಿಸ್ ಆಫ್ ದಿ ಸೀಸ್ 2009ರಲ್ಲಿ ಬಂತು. ಅದರ ನಡುವೆ ಗಿಡ ಬೆಳೆಸಿದ ಒಂದು ಉದ್ಯಾನ ಇದೆ. ಕೆಲವು ಬಾಲ್ಕನಿಗಳು ಆ ಉದ್ಯಾನದ ಕಡೆಗೇ ತೆರೆಯುತ್ತವೆ. ಚೆಂದವಾಗಿಯೇ ಇರುತ್ತದೆ. ಆದರೆ ಸಮುದ್ರ ನೋಡಬೇಕು ಎಂದು ಹೋದವರು ಎದುರಿನ ರೂಮಿನವರ ಪರದೆ ನೋಡಿಕೊಂಡು ಕೂರಬೇಕಾಗುತ್ತದೆ.

ಹಡಗಿನ ಹೊಟ್ಟೆಯನ್ನೇ ಕೊರೆದು ಮಾಡಿದ ಕೆಳಗಿನ ಬಾಲ್ಕನಿಗಳೂ ಕೆಲವು ಹಡಗುಗಳಲ್ಲಿ ಇವೆ. ಇವು ನನಗೆ ತುಂಬಾ ಇಷ್ಟ. ನೀರಿಗೆ ಹತ್ತಿರ, ನೆರಳು ಜಾಸ್ತಿ, ಅಲೆಯ ಸದ್ದು ಸ್ಪಷ್ಟ. ಎದುರಿಗೆ ಗಾಜಿನ ಬದಲು ಉಕ್ಕಿನ ಗೋಡೆ ಇರುವುದರಿಂದ ಕೂತಾಗ ನೋಟ ಸ್ವಲ್ಪ ಕಡಿಮೆ. ಇನ್ನು 2018ರಲ್ಲಿ ಬಂದ ಸೆಲೆಬ್ರಿಟಿ ಎಡ್ಜ್ ಎಂಬ ಹಡಗಿನಲ್ಲಿ ಬಹಳಷ್ಟು ರೂಮುಗಳಿಗೆ ಹೊರಗೆ ಚಾಚಿದ ಬಾಲ್ಕನಿಯೇ ಇಲ್ಲ. ಬಟನ್ ಒತ್ತಿದರೆ ದೊಡ್ಡ ಕಿಟಕಿಯ ಗಾಜಿನ ಮೇಲಿನ ಅರ್ಧ ಕೆಳಗಿಳಿಯುತ್ತದೆ. ಅದನ್ನೂ ಬಾಲ್ಕನಿ ಲೆಕ್ಕದಲ್ಲೇ ಮಾರುತ್ತಾರೆ.

ಹಂತ 3: ಡೆಕ್ ಪ್ಲಾನ್ ಓದಿ

ಇದೇ ಮುಖ್ಯ ಕೆಲಸ. ಉಳಿದ ಎಲ್ಲ ಹಂತ ಬಿಟ್ಟರೂ ಇದನ್ನು ಬಿಡಬೇಡಿ.

ಹಡಗಿನ ಒಂದೊಂದು ಮಹಡಿಗೂ ಡೆಕ್ ಎನ್ನುತ್ತಾರೆ. ಪ್ರತಿ ಡೆಕ್ಕಿನ ನಕ್ಷೆಯೂ ಕಂಪನಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಮೂರು ನಕ್ಷೆ ಪ್ರಿಂಟ್ ತೆಗೆಸಿ: ನಿಮ್ಮ ಡೆಕ್, ಅದರ ಮೇಲಿನದು, ಕೆಳಗಿನದು. ಮೊಬೈಲಿನಲ್ಲಿ ನೋಡಿದರೆ ತಲೆ ಕೆಡುತ್ತದೆ. ಮೂರನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿಯಿರಿ. ನಿಮ್ಮ ರೂಮಿನ ಸರಿಯಾಗಿ ಮೇಲೆ ಏನಿದೆ, ಸರಿಯಾಗಿ ಕೆಳಗೆ ಏನಿದೆ ಕಾಣುತ್ತದೆ. ಅಳತೆ ಹೊಂದಿಸಲು ಲಿಫ್ಟಿನ ಗುರುತು ನೋಡಿ. ಲಿಫ್ಟು ಎಲ್ಲ ಡೆಕ್ಕಿನಲ್ಲೂ ಒಂದೇ ಜಾಗದಲ್ಲಿ ಇರುತ್ತದೆ.

ಮೇಲೆಯೂ ಕೆಳಗೆಯೂ ರೂಮುಗಳೇ ಇದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಮೇಲೆ ಪೂಲ್, ಬಫೆ ಊಟದ ಹಾಲ್, ಅಡುಗೆಮನೆ, ಜಿಮ್, ಓಡುವ ಟ್ರ್ಯಾಕ್ ಇದ್ದರೆ ಬೇಡ. ಅಡುಗೆಮನೆಯಲ್ಲಿ ರಾತ್ರಿಯಿಡೀ ಕೆಲಸ ನಡೆಯುತ್ತದೆ. ಗಾಡಿ ಉರುಳುವ ಸದ್ದು, ಪಾತ್ರೆ ಬೀಳುವ ಸದ್ದು ಕೆಳಗೆ ಕೇಳುತ್ತದೆ. ಕೆಳಗೆ ನಾಟಕದ ಹಾಲ್ ಅಥವಾ ಡಿಸ್ಕೋ ಇದ್ದರೆ ಹಾಡಿನ ಮಾತು ಕೇಳುವುದಿಲ್ಲ, ಡೊಳ್ಳಿನ ಪೆಟ್ಟಿನಂಥ ಗುದ್ದು ಮಾತ್ರ ಮಂಚಕ್ಕೆ ಬರುತ್ತದೆ.

ನಕ್ಷೆಯಲ್ಲಿ ಹೆಸರೇ ಬರೆಯದ ಬಿಳಿ ಜಾಗಗಳು ಕಾಣುತ್ತವೆ. ಬಹಳ ಜನ ಅದನ್ನು ಖಾಲಿ ಜಾಗ ಎಂದುಕೊಳ್ಳುತ್ತಾರೆ. ಹಡಗಿನಲ್ಲಿ ಸುಮ್ನೆ ಬಿಟ್ಟ ಜಾಗ ಎಂಬುದೇ ಇಲ್ಲ. ಅದು ಸಿಬ್ಬಂದಿಯ ಸಾಮಾನು ಕೋಣೆ, ಅವರ ಲಿಫ್ಟು, ಯಂತ್ರದ ಕೋಣೆ, ಇಂಥದ್ದೇನೋ ಇರುತ್ತದೆ. ಅದರ ಪಕ್ಕದ ರೂಮಿನ ಗೋಡೆಗೆ ಬಾಗಿಲು ಬಡಿಯುವ ಸದ್ದು ತಪ್ಪಿದ್ದಲ್ಲ.

ನಕ್ಷೆಯಲ್ಲಿ ಸಣ್ಣ ಸಣ್ಣ ಚಿಹ್ನೆಗಳೂ ಇರುತ್ತವೆ. ಎರಡು ರೂಮಿನ ನಡುವೆ ಬಾಣದ ಗುರುತು ಇದ್ದರೆ ಒಳಗಿನಿಂದಲೇ ಒಂದು ಬಾಗಿಲು ಇದೆ ಎಂದರ್ಥ. ಇಡೀ ಮನೆಯವರು ಎರಡು ರೂಮು ತೆಗೆದುಕೊಂಡರೆ ಇದಕ್ಕಿಂತ ಒಳ್ಳೆಯದಿಲ್ಲ. ಪಕ್ಕದಲ್ಲಿ ಬೇರೆಯವರು ಬಂದರೆ ಅವರ ಟಿವಿ, ಜಗಳ, ಗೊರಕೆ ಎಲ್ಲ ಆ ಬಾಗಿಲ ಸಂದಿಯಿಂದ ಬರುತ್ತದೆ. ಇಬ್ಬರೇ ಹೋಗುವವರು ಬಾಣ ಇರುವ ರೂಮು ಬಿಡಿ. ಉಳಿದ ಚಿಹ್ನೆಗಳು ಮೂರನೇ, ನಾಲ್ಕನೇ ಹಾಸಿಗೆ ಎಲ್ಲಿದೆ, ಸೋಫಾ ಮಂಚವಾಗುತ್ತದೆಯೇ, ಗಾಲಿಕುರ್ಚಿ ಒಳಗೆ ಹೋಗುತ್ತದೆಯೇ ಎಂಬುದನ್ನು ಹೇಳುತ್ತವೆ. ಮೇಲಿನ ಗೋಡೆಯಿಂದ ಇಳಿಯುವ ಹಾಸಿಗೆಗೆ ಏಣಿ ಹತ್ತಬೇಕು. ಅದನ್ನು ಅಜ್ಜಿಗೆ ಕೊಡಲಾಗದು, ಹುಡುಗರಿಗೆ ಸರಿ.

ಲಿಫ್ಟಿನಿಂದ ಎಷ್ಟು ದೂರ ಇರಬೇಕು? ಮುಂಬೈಯಿಂದ ಓಡುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು 1990ರಲ್ಲಿ ಕಟ್ಟಿದ್ದು. ಇವತ್ತಿನ ಲೆಕ್ಕದಲ್ಲಿ ಸಣ್ಣದು. ಆದರೂ ಅದರ ಉದ್ದ ಸುಮಾರು 211 ಮೀಟರ್. ಮಂಡಿನೋವು ಇರುವವರಿಗೆ ದಿನಕ್ಕೆ ನಾಲ್ಕಾರು ಸಲ ಆ ಕಡೆ ಈ ಕಡೆ ಓಡಾಡುವುದು ಕಷ್ಟ. ಲಿಫ್ಟಿಗೆ ಅಂಟಿದ ರೂಮು ಬೇಡ, ಅಲ್ಲಿ ರಾತ್ರಿ ಒಂದು ಗಂಟೆಯಾದರೂ ಜನ ನಿಂತು ಮಾತಾಡುತ್ತಾರೆ. ಐದಾರು ರೂಮು ಆಚೆಗೆ ಹಿಡಿಯಿರಿ.

ರೂಮಿನ ನಂಬರ್ ಖಚಿತವಾದ ಮೇಲೆ ಯೂಟ್ಯೂಬಿನಲ್ಲಿ ಹಡಗಿನ ಹೆಸರು ಮತ್ತು ಆ ನಂಬರ್ ಹಾಕಿ ಹುಡುಕಿ. ಅದೇ ರೂಮು ಸಿಗದಿದ್ದರೂ ಪಕ್ಕದ್ದೋ ಎದುರಿನದ್ದೋ ವಿಡಿಯೋ ಸಿಗುತ್ತದೆ. ನಕ್ಷೆಯಲ್ಲಿ ಕಾಣದ ಕಂಬ, ಕ್ರೇನು, ಕಿಟಕಿ ತೊಳೆಯುವ ಯಂತ್ರದ ಹಳಿ ಎಲ್ಲ ಅಲ್ಲಿ ಕಾಣುತ್ತದೆ.

ಹಂತ 4: ಮುಂದೆಯೋ, ನಡುವೆಯೋ, ಹಿಂದೆಯೋ

ಬಾಗಲಕೋಟೆಯಿಂದ ಬೆಳಗಾವಿಗೆ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಬಂದವರಿಗೆ ಈ ಹಂತ ವಿವರಿಸಬೇಕಾಗಿಲ್ಲ. ಗುಂಡಿ ಬಂದಾಗ ನಡುವಿನ ಸೀಟಿನವರು ನಿದ್ದೆಯಲ್ಲೇ ಇರುತ್ತಾರೆ, ಹಿಂದಿನವರ ತಲೆ ಚಾವಣಿಗೆ ಬಡಿಯುತ್ತದೆ. ಹಡಗೂ ಹಾಗೇ. ಅಲೆ ಎದುರಿನಿಂದ ಬಂದಾಗ ಮೂತಿ ಏಳುತ್ತದೆ, ಹಿಂಭಾಗ ಇಳಿಯುತ್ತದೆ. ನಡುಭಾಗ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಅಡ್ಡಡ್ಡ ತೂಗಾಟವನ್ನು ಕಡಿಮೆ ಮಾಡಲು ದೊಡ್ಡ ಹಡಗುಗಳ ಕೆಳಗೆ ಮೀನಿನ ರೆಕ್ಕೆಯಂಥ ಸಾಧನ ಇರುತ್ತದೆ. ಮುಂದೆ-ಹಿಂದೆ ಏಳುಬೀಳಿಗೆ ಅದು ಅಷ್ಟಾಗಿ ಸಹಾಯಕ್ಕೆ ಬರುವುದಿಲ್ಲ. ಎತ್ತರ ಹೋದಷ್ಟೂ ಅಡ್ಡ ತೂಗಾಟ ಜಾಸ್ತಿ ಗೊತ್ತಾಗುತ್ತದೆ.

ಚೋರ್ಲಾ ಘಾಟಿನಲ್ಲಿ ವಾಂತಿ ಮಾಡುವವರು ನಿಮ್ಮ ಮನೆಯಲ್ಲಿ ಇದ್ದರೆ ಇನ್ನೇನೂ ಯೋಚಿಸಬೇಡಿ: ಹಡಗಿನ ನಡುಭಾಗ, ಬಾಲ್ಕನಿ ಇರುವ ಡೆಕ್‌ಗಳಲ್ಲಿ ಆದಷ್ಟು ಕೆಳಗಿನದು. ಮಾತ್ರೆಯ ವಿಷಯ ಹೊರಡುವ ಮೊದಲೇ ಡಾಕ್ಟರರನ್ನು ಕೇಳಿ ಇಟ್ಟುಕೊಳ್ಳಿ. ತಲೆ ತಿರುಗಿದಾಗ ಮೊಬೈಲ್ ಬಿಟ್ಟು ಬಾಲ್ಕನಿಗೆ ಬಂದು, ಆಕಾಶ ನೀರು ಸೇರುವ ಗೆರೆಯನ್ನೇ ನೋಡುತ್ತಾ ಕೂರಲು ಹೇಳಿ. ಅವ್ವನಿಗೆ ಇದು ಚೆನ್ನಾಗಿ ಕೆಲಸ ಮಾಡಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ಅರಬ್ಬೀ ಸಮುದ್ರ ಕೆರಳಿರುತ್ತದೆ. ಮೊದಲ ಸಲ ಹೋಗುವವರು ನವೆಂಬರ್-ಫೆಬ್ರುವರಿ ಹಿಡಿಯಿರಿ.

ಹಾಗಾದರೆ ಹಿಂಭಾಗದ ಬಾಲ್ಕನಿಗೆ ಜನ ಯಾಕೆ ಮುಗಿಬೀಳುತ್ತಾರೆ? ಹಡಗು ನೀರನ್ನು ಸೀಳಿಕೊಂಡು ಹೋದ ಬಿಳಿ ದಾರಿ ಅಲ್ಲಿಂದ ಕಾಣುತ್ತದೆ. ಗಂಟೆಗಟ್ಟಲೆ ನೋಡಿದರೂ ಸಾಕೆನಿಸದು. ಗಾಳಿಯ ಹೊಡೆತ ಕಡಿಮೆ, ಬಾಲ್ಕನಿಯೂ ಹಲವು ಹಡಗುಗಳಲ್ಲಿ ದೊಡ್ಡದು. ಬದಲಿಗೆ ನಡುಕ ಸ್ವಲ್ಪ ಜಾಸ್ತಿ, ಚಿಮಣಿಯ ಮಸಿ ಕುರ್ಚಿಯ ಮೇಲೆ ಬೀಳಬಹುದು, ಮೆಟ್ಟಿಲಿನಂತೆ ಕಟ್ಟಿದ್ದರೆ ಮೇಲಿನವರಿಗೆ ನಿಮ್ಮ ಬಾಲ್ಕನಿ ಪೂರ್ತಿ ಕಾಣುತ್ತದೆ. ನಡಿಗೆಗೆ ತೊಂದರೆ ಇಲ್ಲದ ಗಂಡ-ಹೆಂಡತಿಗೆ ನಾನು ಇದನ್ನೇ ಹೇಳುತ್ತೇನೆ.

ತುಂಬಾ ಮುಂದಿನ ಬಾಲ್ಕನಿ ಬೇಡ. ಹಡಗು 18 ನಾಟ್ ವೇಗದಲ್ಲಿ ಹೋದರೆ ಅದು ಗಂಟೆಗೆ ಸುಮಾರು 33 ಕಿಲೋಮೀಟರ್. ಗಾಳಿ ಇಲ್ಲದ ದಿನವೂ ಅಷ್ಟು ಗಾಳಿ ಮುಖಕ್ಕೆ ಬಡಿಯುತ್ತದೆ. ಬಂದರಿನ ಹೊರಗೆ ಲಂಗರು ಬಿಡುವಾಗ ಸರಪಳಿಯ ಸದ್ದು ಬೇರೆ.

ನಕ್ಷೆಯಲ್ಲಿ ಇನ್ನೊಂದು ಗುಟ್ಟು ಇದೆ. ಕೆಲವು ಹಡಗುಗಳ ಪಕ್ಕ ನೇರವಾಗಿರದೆ ಒಂದೆರಡು ಕಡೆ ಹೊರಕ್ಕೆ ಉಬ್ಬಿರುತ್ತದೆ. ಆ ಉಬ್ಬು ಶುರುವಾಗುವ ಓರೆ ಜಾಗದ ಬಾಲ್ಕನಿ ಪಕ್ಕದವುಗಳಿಗಿಂತ ದೊಡ್ಡದಿರುತ್ತದೆ, ನೋಟವೂ ಅಗಲ. ಬೆಲೆ ಎಷ್ಟೋ ಸಲ ಅದೇ. ಇಂಥವು ಮೊದಲು ಖಾಲಿಯಾಗುತ್ತವೆ.

ಹಂತ 5: ಎಡವೋ, ಬಲವೋ

ಹಡಗಿನ ಮೂತಿಯ ಕಡೆ ಮುಖ ಮಾಡಿ ನಿಂತರೆ ಎಡಗಡೆಗೆ ಪೋರ್ಟ್, ಬಲಗಡೆಗೆ ಸ್ಟಾರ್‌ಬೋರ್ಡ್ ಎನ್ನುತ್ತಾರೆ. ಯಾವ ಬದಿ ಒಳ್ಳೆಯದು ಎಂಬುದು ಹಡಗು ಯಾವ ದಿಕ್ಕಿಗೆ ಹೋಗುತ್ತದೆ ಎಂಬುದರ ಮೇಲಿದೆ.

ಮುಂಬೈಯಿಂದ ಗೋವಾಕ್ಕೆ ಹೋಗುವಾಗ ಹಡಗಿನ ಮುಖ ದಕ್ಷಿಣಕ್ಕೆ. ಪಶ್ಚಿಮ ಬಲಕ್ಕೆ ಬರುತ್ತದೆ. ಸೂರ್ಯ ಮುಳುಗುವುದು ಬಲಗಡೆಯವರಿಗೆ ಕಾಣುತ್ತದೆ. ಕರಾವಳಿ ಎಡಕ್ಕೆ. ಹಡಗು ದಡದಿಂದ ದೂರ ಹೋಗುವುದರಿಂದ ದಡ ಕಾಣುತ್ತದೆ ಎಂಬ ಆಸೆಯಿಂದ ಎಡಬದಿ ತೆಗೆದುಕೊಳ್ಳಬೇಡಿ. ವಾಪಸ್ ಬರುವಾಗ ಎಲ್ಲ ಅದಲುಬದಲು. ಸಿಂಗಾಪುರದಿಂದ ಪೆನಾಂಗ್ ಕಡೆ ಹೋಗುವಾಗ ಹಡಗು ವಾಯವ್ಯಕ್ಕೆ ಹೋಗುತ್ತದೆ. ಆಗ ಮುಳುಗುವ ಸೂರ್ಯ ಎಡಬದಿಯವರದ್ದು.

ಸಂಜೆ ಯಾವ ದಿನ ಸಮುದ್ರದಲ್ಲಿರುತ್ತೀರಿ ನೋಡಿ, ಆ ದಿನದ ದಿಕ್ಕಿಗೆ ಬದಿ ಆರಿಸಿ. ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಪಡುವಣ ಬದಿಯ ಬಾಲ್ಕನಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಕೂರುವುದು ಅಂದ್ರೆ ವಿಜಯಪುರದ ಏಪ್ರಿಲ್ ನೆನಪಾಗುತ್ತದೆ. ಪೂಲ್ ಇರುವ ಡೆಕ್ ಅನೇಕ ಹಡಗುಗಳಲ್ಲಿ ಹೊರಕ್ಕೆ ಚಾಚಿರುವುದರಿಂದ ಅದರ ಕೆಳಗಿನ ಬಾಲ್ಕನಿಗೆ ನೆರಳು ಸಿಗುತ್ತದೆ. ಸದ್ದಿನ ತೊಂದರೆ ಮಾತ್ರ ಆಗಲೇ ಹೇಳಿದ್ದೇನೆ.

ಬಂದರಿನಲ್ಲಿ ಯಾವ ಬದಿ ಕಟ್ಟೆಗೆ ತಾಗುತ್ತದೆ ಎಂಬುದನ್ನು ನಂಬಿ ಆರಿಸಬೇಡಿ. ಅದು ಕ್ಯಾಪ್ಟನ್ ಮತ್ತು ಬಂದರಿನವರ ತೀರ್ಮಾನ, ಕೊನೆಯ ಗಳಿಗೆಯಲ್ಲೂ ಬದಲಾಗುತ್ತದೆ.

ಹಂತ 6: ರೇಲಿಂಗ್ ಮತ್ತು ಮಕ್ಕಳು

ರೇಲಿಂಗ್ ಗಾಜಿನದ್ದಾದರೆ ಕೂತಲ್ಲಿಂದ, ಹಾಸಿಗೆಯಿಂದ ಕೂಡ ಸಮುದ್ರ ಕಾಣುತ್ತದೆ. ತಗಡಿನದ್ದಾದರೆ ನಿಂತೇ ನೋಡಬೇಕು. ಒಂದೇ ಹಡಗಿನಲ್ಲಿ ಎರಡೂ ಇರುತ್ತವೆ. ವಿಡಿಯೋ ನೋಡುವಾಗ ಇದನ್ನು ಗಮನಿಸಿ.

ಅಮೆರಿಕದಲ್ಲಿ 2010ರಲ್ಲಿ ಬಂದ ಕಾನೂನಿನ ಪ್ರಕಾರ ಅಲ್ಲಿನ ಬಂದರುಗಳಿಗೆ ಹೋಗುವ ದೊಡ್ಡ ಪ್ರಯಾಣಿಕ ಹಡಗುಗಳಲ್ಲಿ ರೇಲಿಂಗ್ 42 ಇಂಚು ಎತ್ತರ ಇರಲೇಬೇಕು. ದೊಡ್ಡವರ ಹೊಟ್ಟೆಗಿಂತ ಮೇಲೆ ಬರುವ ಎತ್ತರ ಅದು. ಆದರೆ ಕುರ್ಚಿ ಹತ್ತಿದ ಮಗುವಿಗೆ ಯಾವ ಎತ್ತರವೂ ಸಾಲದು. ಬಾಲ್ಕನಿಗೆ ಕಾಲಿಟ್ಟ ಕೂಡಲೇ ಕುರ್ಚಿ, ಟೇಬಲ್ಲನ್ನು ರೇಲಿಂಗಿನಿಂದ ದೂರ, ಗೋಡೆಗೆ ಒತ್ತಿ ಇಡಿ. ಬಾಗಿಲಿನ ಮೇಲ್ಗಡೆ ಇನ್ನೊಂದು ಚಿಲಕ ಇದೆಯೇ ನೋಡಿ, ಇದ್ದರೆ ಸದಾ ಹಾಕಿ. ದೊಡ್ಡವರೊಬ್ಬರು ಇಲ್ಲದೆ ಮಕ್ಕಳು ಹೊರಗೆ ಹೋಗಕೂಡದು. ಇದರಲ್ಲಿ ಮಾತ್ರ ಯಾರ ಮುಲಾಜೂ ಬೇಡ.

ಹಂತ 7: ಬುಕಿಂಗ್ ಮಾಡುವಾಗ

ಹಳೆಯ ಹಡಗುಗಳಲ್ಲಿ ಬಾಲ್ಕನಿ ಕಡಿಮೆ. ಎಂಪ್ರೆಸ್‌ನಲ್ಲೂ ಕಿಟಕಿ ರೂಮು, ಒಳ ರೂಮುಗಳೇ ಜಾಸ್ತಿ. ಸಿಂಗಾಪುರದಿಂದ ಓಡುವ, 2016ರಲ್ಲಿ ಕಟ್ಟಿದ ಗೆಂಟಿಂಗ್ ಡ್ರೀಮ್‌ನಂಥ ಹೊಸ ಹಡಗುಗಳಲ್ಲಿ ಬಾಲ್ಕನಿ ರೂಮುಗಳದ್ದೇ ದೊಡ್ಡ ಪಾಲು. ಹಾಗಾಗಿ ಮುಂಬೈ ಕ್ರೂಸಿಗೆ ಬಾಲ್ಕನಿ ಬೇಕಿದ್ದರೆ ತಿಂಗಳುಗಳ ಮೊದಲೇ ಕೇಳಿ. ದೀಪಾವಳಿ, ಕ್ರಿಸ್‌ಮಸ್ ರಜೆಗೆ ಇನ್ನೂ ಮೊದಲು.

"ಗ್ಯಾರಂಟಿ ರೂಮು" ಎಂದು ಏಜೆಂಟರು ಹೇಳಿದರೆ ಖುಷಿಪಡುವ ಮೊದಲು ಅರ್ಥ ಕೇಳಿ. ಬಾಲ್ಕನಿ ಸಿಗುವುದು ಗ್ಯಾರಂಟಿ, ಯಾವುದು ಎಂಬುದನ್ನು ಕಂಪನಿ ಆಮೇಲೆ ತೀರ್ಮಾನಿಸುತ್ತದೆ. ಯಾರಿಗೂ ಬೇಡವಾದ ರೂಮು ಉಳಿದಿದ್ದರೆ ಅದೇ ನಿಮಗೆ ಬರಬಹುದು. ನನ್ನ ಪೂಲ್ ಕೆಳಗಿನ ರೂಮು ಹೀಗೇ ಬಂದದ್ದು. ಸ್ವಲ್ಪ ಜಾಸ್ತಿ ಕೊಟ್ಟರೂ ಸರಿ, ನಂಬರ್ ನೀವೇ ಆರಿಸಿ. ಆ ನಂಬರನ್ನು ವಾಟ್ಸಾಪಿನಲ್ಲೋ ಇಮೇಲಿನಲ್ಲೋ ಬರೆಸಿಕೊಳ್ಳಿ.

ಇಷ್ಟು ಕಷ್ಟಪಟ್ಟು ಆರಿಸಿದ ಮೇಲೂ ಕಂಪನಿ "ಅಪ್‌ಗ್ರೇಡ್" ಎಂದು ಹೇಳಿ ಬೇರೆ ರೂಮಿಗೆ ಹಾಕಬಹುದು. ಬೆಲೆಯ ಲೆಕ್ಕದಲ್ಲಿ ಮೇಲಿನದು, ಜಾಗದ ಲೆಕ್ಕದಲ್ಲಿ ಪೂಲ್ ಕೆಳಗಿನದು! ಆದ್ದರಿಂದ "ನಮ್ಮನ್ನು ಕೇಳದೆ ಅಪ್‌ಗ್ರೇಡ್ ಬೇಡ" ಎಂದು ಬುಕಿಂಗಿನಲ್ಲಿ ನಮೂದು ಮಾಡಿಸಿ.

ಜಾಹೀರಾತಿನ ಬೆಲೆ ಸಾಮಾನ್ಯವಾಗಿ ಒಬ್ಬರಿಗೆ, ಅದೂ ಇಬ್ಬರು ಸೇರಿ ರೂಮು ಹಂಚಿಕೊಂಡಾಗ. ಬಂದರಿನ ಶುಲ್ಕ, ತೆರಿಗೆ, ಸೇವಾ ಶುಲ್ಕ ಸೇರಿಸಿ ಕೊನೆಯ ಮೊತ್ತ ಎಷ್ಟು ಎಂದು ಕೇಳಿ. ಎರಡು ಕಂಪನಿ ಹೋಲಿಸುವಾಗ ಆ ಕೊನೆಯ ಮೊತ್ತವನ್ನೇ ಹೋಲಿಸಿ.

ಹಡಗು ಯಾರಿಗೂ ಕಾಯುವುದಿಲ್ಲ. ಬೆಳಗಾವಿಯಿಂದ ಕೊಲ್ಹಾಪುರ, ಸಾತಾರಾ, ಪುಣೆ ಮೇಲೆ ಮುಂಬೈಗೆ ಸುಮಾರು 500 ಕಿಲೋಮೀಟರ್. ಬಾಗಲಕೋಟೆ, ವಿಜಯಪುರದವರು ಸೊಲ್ಲಾಪುರದ ಮೇಲೆ ಹೋಗಬಹುದು. ಹಿಂದಿನ ದಿನವೇ ಮುಂಬೈ ತಲುಪಿ ಉಳಿದುಕೊಳ್ಳಿ.

ಹಂತ 8: ಹಡಗು ಹತ್ತಿದ ಮೇಲೆ

ರೂಮಿಗೆ ಹೋದ ಮೊದಲ ಹತ್ತು ನಿಮಿಷದಲ್ಲೇ ಬಾಲ್ಕನಿಯ ಬಾಗಿಲು ಸರಿಯಾಗಿ ಮುಚ್ಚುತ್ತದೆಯೇ, ಕುರ್ಚಿ ಗಟ್ಟಿ ಇದೆಯೇ, ಎಸಿ ನೀರು ಸೋರುತ್ತದೆಯೇ ನೋಡಿ. ತೊಂದರೆ ಇದ್ದರೆ ಆಗಲೇ ರಿಸೆಪ್ಶನ್ನಿಗೆ ಹೇಳಿ. ಹಡಗು ಹೊರಟ ಮೇಲೆ ಬೇರೆ ರೂಮು ಸಿಗುವುದು ಕಷ್ಟ. ಮನೆಯವರೇ ಅಕ್ಕಪಕ್ಕದ ಎರಡು ಬಾಲ್ಕನಿ ತೆಗೆದುಕೊಂಡಿದ್ದರೆ ನಡುವಿನ ತಡಿಕೆ ತೆಗೆಯಲು ಬರುತ್ತದೆಯೇ ಎಂದು ರೂಮಿನ ಸಿಬ್ಬಂದಿಯನ್ನು ಕೇಳಿ. ಕೆಲವು ಹಡಗುಗಳಲ್ಲಿ ತೆಗೆದುಕೊಡುತ್ತಾರೆ. ಆಗ ನಾಲ್ಕು ಕುರ್ಚಿ ಹಾಕಿ ಎಲ್ಲರೂ ಒಟ್ಟಿಗೆ ಕೂರಬಹುದು.

ಬಾಗಿಲು ತೆರೆದಿಟ್ಟರೆ ರೂಮಿನ ಎಸಿ ಕೆಲಸ ಮಾಡುವುದಿಲ್ಲ, ಕನ್ನಡಿಯೆಲ್ಲ ಬೆವರುತ್ತದೆ. ಒದ್ದೆ ಟವೆಲ್, ಸೀರೆ ರೇಲಿಂಗಿಗೆ ಹಾಕಬೇಡಿ. ಒಂದೇ ಗಾಳಿಗೆ ಸಮುದ್ರದ ಪಾಲು. ಸಿಗರೇಟು ಬಾಲ್ಕನಿಯಲ್ಲಿ ಬಹುತೇಕ ಕಂಪನಿಗಳು ಬಿಡುವುದಿಲ್ಲ. ಬೆಂಕಿ ಹತ್ತಿದರೆ ಓಡಿಹೋಗಲು ಜಾಗವಿಲ್ಲದ ಕಡೆ ಅದು ಸರಿಯಾದ ನಿಯಮವೇ. ಇದೇ ಕಾರಣಕ್ಕೆ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಕೂಡ ಒಳಗೆ ಬಿಡುವುದಿಲ್ಲ. ಮನೆಯಲ್ಲಿ ಮಾಡಿದ ರೊಟ್ಟಿ, ಚಟ್ನಿಪುಡಿ ಬಿಡುತ್ತಾರೋ ಇಲ್ಲವೋ ಕಂಪನಿಯ ಪಟ್ಟಿಯಲ್ಲಿ ಮೊದಲೇ ನೋಡಿ. ಅಂಗಡಿಯ ಸೀಲು ಇರುವ ಅಮೀನಗಡದ ಕರದಂಟಿಗೆ ನಮಗೆ ಎಲ್ಲೂ ತಕರಾರು ಬರಲಿಲ್ಲ.

ರಾತ್ರಿ ಊಟ ಮುಗಿಸಿ ಬಂದ ಮೇಲೆ ರೂಮಿನ ದೀಪ ಆರಿಸಿ, ಪರದೆ ಎಳೆದು, ಬಾಲ್ಕನಿಯ ದೀಪವನ್ನೂ ಆರಿಸಿ ಹತ್ತು ನಿಮಿಷ ಸುಮ್ಮನೆ ಕೂರಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಹೊಲದಲ್ಲಿ ಮಲಗಿದಾಗ ಕಾಣುತ್ತಿದ್ದಷ್ಟು ಚುಕ್ಕಿಗಳು ಕಾಣತೊಡಗುತ್ತವೆ.

ಕೊನೆಯ ದಿನದ ಬೆಳಿಗ್ಗೆ ಬ್ಯಾಗು ತುಂಬುವ ಗಡಿಬಿಡಿಯಲ್ಲಿ ಬಾಲ್ಕನಿ ಮರೆಯಬೇಡಿ. ದೊಡ್ಡ ಬ್ಯಾಗುಗಳನ್ನು ಹಿಂದಿನ ರಾತ್ರಿಯೇ ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ಬೆಳಿಗ್ಗೆ ಉಡುವ ಬಟ್ಟೆ, ಅವ್ವಂದಿರಿಗೆ ಒಂದು ಶಾಲು ತೆಗೆದಿಟ್ಟುಕೊಳ್ಳಿ. ಹಡಗು ಬಂದರು ಸೇರುವ ಮೊದಲು ಒಂದು ಸಣ್ಣ ದೋಣಿ ವೇಗವಾಗಿ ಬಂದು ಪಕ್ಕಕ್ಕೆ ತಾಗಿ ಓಡುತ್ತದೆ. ಅದರಿಂದ ಒಬ್ಬರು ಹಗ್ಗದ ಏಣಿ ಹಿಡಿದು ಹಡಗು ಹತ್ತುತ್ತಾರೆ. ಅವರು ಆ ಬಂದರಿನ ಪೈಲಟ್, ಹಡಗಿಗೆ ಒಳದಾರಿ ತೋರಿಸುವವರು. ಗಾಳಿ, ಅಲೆ ಕಡಿಮೆ ಇರುವ ಬದಿಯಲ್ಲಿ ಅವರನ್ನು ಹತ್ತಿಸಿಕೊಳ್ಳುತ್ತಾರೆ. ಅದು ನಿಮ್ಮ ಬದಿಯೇ ಆದರೆ ಬೆಳಗಿನ ಮಬ್ಬಿನಲ್ಲಿ ಆ ಹತ್ತುವಿಕೆಯನ್ನು ನೇರ ಕೆಳಗೇ ನೋಡಬಹುದು. ಎರಡನೇ ಸಲ ಹೋದಾಗ ಅವ್ವ ನನ್ನನ್ನು ಎಬ್ಬಿಸಿ ತೋರಿಸಿದ್ದು ಇದನ್ನೇ.